ವಾಯುಗುಣ ಮಾದರಿಯ ಅಂಕಿಗಳೂ ಮುಕ್ತ ತಂತ್ರಾಂಶವೂ

ಈ ಶತಮಾನದ ಕೊನೆಗೆ ಭೂಮಿಯ ಉಷ್ಣತೆ ಎಷ್ಟು ಏರಬಹುದು ಎಂಬ ಪ್ರಶ್ನೆಗೆ ಪತ್ರಿಕೆಗಳು ಒಂದೆರಡು ಅಂಕಿಗಳಲ್ಲಿ ಉತ್ತರ ಕೊಡುತ್ತವೆ. ಆ ಅಂಕಿ ವಾಯುಗುಣ ಮಾದರಿಯಿಂದ ನೇರವಾಗಿ ಹೊರಬಂದುದಲ್ಲ. ಮಾದರಿಯ ಕಚ್ಚಾ ದತ್ತಾಂಶಕ್ಕೂ ನಾವು ಓದುವ ಅಂಕಿಗೂ ನಡುವೆ ಹಲವು ಲೆಕ್ಕಗಳಿವೆ. ಆ ಲೆಕ್ಕಗಳನ್ನು ಬೇಕಾದವರೆಲ್ಲ ತೆರೆದು ಪರೀಕ್ಷಿಸುವಂತಿದ್ದರೆ ಮಾತ್ರ ಅಂಕಿಯನ್ನು ನಂಬಲು ಆಧಾರ ದೊರೆಯುತ್ತದೆ. ಈ ಕ್ಷೇತ್ರದಲ್ಲಿ ಮುಕ್ತ ತಂತ್ರಾಂಶದ ಮಹತ್ವ ಇರುವುದು ಇಲ್ಲಿಯೇ.

ದತ್ತಾಂಶದ ಸ್ವರೂಪ

ವಾಯುಗುಣ ಮಾದರಿಯು ವಾತಾವರಣ ಮತ್ತು ಸಾಗರಗಳನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ ಉಷ್ಣತೆ, ಒತ್ತಡ, ಮಳೆ ಮೊದಲಾದವನ್ನು ಗಣಿಸುತ್ತದೆ. 1995ರಲ್ಲಿ ಆರಂಭವಾದ ‘ಸಿಎಂಐಪಿ’ ಎಂಬ ಅಂತರರಾಷ್ಟ್ರೀಯ ಯೋಜನೆಯು ಹಲವು ದೇಶಗಳ ಮಾದರಿಗಳನ್ನು ಹೋಲಿಸುತ್ತದೆ. ಅದರ ಆರನೆಯ ಹಂತದಲ್ಲಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ಮಾದರಿಯೂ ಸೇರಿದೆ. ಇವುಗಳ ಫಲಿತಾಂಶವನ್ನು ‘ನೆಟ್‌ಸಿಡಿಎಫ್’ ಎಂಬ ಕಡತ ರೂಪದಲ್ಲಿ ಇರಿಸಲಾಗುತ್ತದೆ. ಭೂಪಟದ ಮೂಲೆಯಲ್ಲಿ ಸೂಚಿ ಇರುವಂತೆ, ಆ ಕಡತದೊಳಗೇ ಅಕ್ಷಾಂಶ, ರೇಖಾಂಶ, ಕಾಲ ಮತ್ತು ಮಾನಗಳ ವಿವರವಿರುತ್ತದೆ.

ಈ ಕಡತಗಳನ್ನು ಸಂಸ್ಕರಿಸುವ ಮುಕ್ತ ತಂತ್ರಾಂಶಗಳಲ್ಲಿ ‘ಸಿಡಿಒ’ ಪ್ರಸಿದ್ಧವಾದುದು. ಜರ್ಮನಿಯ ಹ್ಯಾಂಬರ್ಗ್ ನಗರದ ಮ್ಯಾಕ್ಸ್ ಪ್ಲಾಂಕ್ ಹವಾಮಾನ ಸಂಸ್ಥೆ ಇದನ್ನು ರೂಪಿಸಿದೆ. ಇದರಲ್ಲಿ 600ಕ್ಕೂ ಹೆಚ್ಚು ಆದೇಶಗಳಿವೆ. ಪೈಥಾನ್ ಭಾಷೆಯನ್ನು ಬಲ್ಲವರು ‘ಎಕ್ಸ್‌ಅರೇ’ ಎಂಬ ಮತ್ತೊಂದು ಮುಕ್ತ ಸಾಧನವನ್ನು ಬಳಸುತ್ತಾರೆ. ಎರಡಕ್ಕೂ ಶುಲ್ಕವಿಲ್ಲ; ಎರಡರ ಮೂಲ ಸಂಕೇತವನ್ನೂ ಓದಬಹುದು.

ಅಂಕಿ ಬದಲಾಗುವ ಮೂರು ಎಡೆಗಳು

1. ಮಾನ: ಮಾದರಿಗಳು ಉಷ್ಣತೆಯನ್ನು ಕೆಲ್ವಿನ್‌ನಲ್ಲಿ ಕೊಡುತ್ತವೆ, 300.15 ಕೆಲ್ವಿನ್ ಎಂದರೆ 27 ಡಿಗ್ರಿ ಸೆಲ್ಸಿಯಸ್. ಮಳೆಯನ್ನು ಒಂದು ಚದರ ಮೀಟರಿಗೆ ಒಂದು ಸೆಕೆಂಡಿನಲ್ಲಿ ಬೀಳುವ ಕಿಲೋಗ್ರಾಂಗಳಲ್ಲಿ ಹೇಳುತ್ತವೆ. ಒಂದು ಚದರ ಮೀಟರಿನ ಮೇಲೆ ಹರಡಿದ 1 ಕಿಲೋಗ್ರಾಂ ನೀರಿನ ಆಳ 1 ಮಿ.ಮೀ. ಆದ್ದರಿಂದ 0.0001 ಎಂಬ ಅಂಕಿಯನ್ನು ದಿನದ 86,400 ಸೆಕೆಂಡುಗಳಿಂದ ಗುಣಿಸಿದರೆ ದಿನಕ್ಕೆ 8.64 ಮಿ.ಮೀ. ಮಳೆ ಎಂದಾಗುತ್ತದೆ.

2. ಕಾಲ: ಕೆಲವು ಮಾದರಿಗಳ ವರ್ಷಕ್ಕೆ 360 ದಿನಗಳು, ಕೆಲವಕ್ಕೆ ಅಧಿಕ ವರ್ಷವೇ ಇಲ್ಲ. ಮಾಸಿಕ ದತ್ತಾಂಶದಿಂದ ವಾರ್ಷಿಕ ಸರಾಸರಿ ತೆಗೆಯಲು ಸಿಡಿಒದಲ್ಲಿ ಎರಡು ಆದೇಶಗಳಿವೆ. ‘ಇಯರ್‌ಮೀನ್’ ಹನ್ನೆರಡು ತಿಂಗಳುಗಳನ್ನೂ ಸಮನಾಗಿ ಎಣಿಸುತ್ತದೆ. ‘ಇಯರ್‌ಮಾನ್‌ಮೀನ್’ ಪ್ರತಿ ತಿಂಗಳ ದಿನಗಳಿಗೆ ತಕ್ಕ ತೂಕ ಕೊಡುತ್ತದೆ. ಎರಡರ ಉತ್ತರಗಳಲ್ಲಿ ಅಲ್ಪ ವ್ಯತ್ಯಾಸ ಬರುತ್ತದೆ. ಯಾವುದನ್ನು ಬಳಸಲಾಯಿತೆಂದು ಸಂಶೋಧಕರು ಬರೆದಿಡದಿದ್ದರೆ ಓದುಗನಿಗೆ ತಿಳಿಯುವ ದಾರಿಯಿಲ್ಲ.

3. ವಿಸ್ತೀರ್ಣ: ಅಕ್ಷಾಂಶ, ರೇಖಾಂಶಗಳ ಸಮಾನ ಅಂತರದಲ್ಲಿ ಎಳೆದ ಚೌಕಗಳು ಧ್ರುವದ ಕಡೆಗೆ ಕಿರಿದಾಗುತ್ತವೆ, 60 ಡಿಗ್ರಿ ಅಕ್ಷಾಂಶದ ಚೌಕವು ಸಮಭಾಜಕದ ಚೌಕದ ಸುಮಾರು ಅರ್ಧದಷ್ಟೇ. ಈ ತೂಕವನ್ನು ಮರೆತು ಜಾಗತಿಕ ಸರಾಸರಿ ತೆಗೆದರೆ ಧ್ರುವಗಳ ಚಳಿಗೆ ಸಲ್ಲದ ಪ್ರಾಮುಖ್ಯ ದೊರೆಯುತ್ತದೆ.

ಅಂಕಿ ಹೇಳಲಾರದ ಸಂಗತಿ

12ರಿಂದ 13 ಡಿಗ್ರಿ ಉತ್ತರ ಅಕ್ಷಾಂಶ, 75ರಿಂದ 76 ಡಿಗ್ರಿ ಪೂರ್ವ ರೇಖಾಂಶದ ನಡುವಿನ ಒಂದು ಚೌಕವನ್ನು ಭೂಪಟದಲ್ಲಿ ಗುರುತಿಸಿರಿ. ಕಾಸರಗೋಡು ಜಿಲ್ಲೆಯ ಕಾಞಂಗಾಡಿನ ಕಡಲತೀರವೂ ಸಾವಿರ ಮೀಟರಿಗಿಂತ ಎತ್ತರದ ಮಡಿಕೇರಿಯೂ ಅದರೊಳಗೇ ಬರುತ್ತವೆ. ಇಷ್ಟು ದೊಡ್ಡ ಚೌಕಗಳ ಮಾದರಿ ಎರಡೂ ಊರುಗಳಿಗೆ ಒಂದೇ ಉಷ್ಣತೆಯನ್ನು ಹೇಳುತ್ತದೆ. ತಂತ್ರಾಂಶದಿಂದ ಚೌಕವನ್ನು ಸಣ್ಣ ತುಂಡುಗಳಾಗಿಸಿದರೆ ಚಿತ್ರ ನಯವಾಗಿ ಕಾಣುವುದೇ ಹೊರತು ಹೊಸ ಜ್ಞಾನ ಹುಟ್ಟುವುದಿಲ್ಲ. “ನಮ್ಮ ಊರಿನಲ್ಲಿ ಇಷ್ಟೇ ಮಳೆಯಾಗುತ್ತದೆ” ಎಂಬ ಭವಿಷ್ಯವಾಣಿಯನ್ನು ಕಂಡಾಗ ಚೌಕದ ಗಾತ್ರವೆಷ್ಟೆಂದು ಕೇಳುವುದನ್ನು ವಿದ್ಯಾರ್ಥಿಗಳಿಗೆ ರೂಢಿ ಮಾಡಿಸಬೇಕು.

ತರಗತಿಯ ಚಟುವಟಿಕೆ

ಇದಕ್ಕೆ ಗಣಕಯಂತ್ರ ಬೇಕಿಲ್ಲ. ಜನವರಿಯ ಸರಾಸರಿ ಉಷ್ಣತೆ 20 ಡಿಗ್ರಿ, ಫೆಬ್ರವರಿಯದು 24 ಡಿಗ್ರಿ ಎಂದು ಕೊಡಿರಿ. ಸರಳ ಸರಾಸರಿ 22. ಮೊದಲನೆಯದನ್ನು 31ರಿಂದ, ಎರಡನೆಯದನ್ನು 28ರಿಂದ ಗುಣಿಸಿ, ಕೂಡಿಸಿ, 59ರಿಂದ ಭಾಗಿಸಿದರೆ ಬರುವುದು ಸುಮಾರು 21.9. ಎರಡು ಗುಂಪುಗಳು ಒಂದೊಂದು ವಿಧಾನದಲ್ಲಿ ಲೆಕ್ಕ ಮಾಡಿ, ಮೊದಲು ಉತ್ತರವನ್ನು ಮಾತ್ರ ಹಲಗೆಯ ಮೇಲೆ ಬರೆಯಲಿ. ವ್ಯತ್ಯಾಸವೇಕೆಂದು ಚರ್ಚೆಯಾದ ಬಳಿಕ ವಿಧಾನವನ್ನೂ ಬರೆಯಲಿ. ವಿಧಾನ ಬಚ್ಚಿಟ್ಟಾಗ ವಾದ ಬೆಳೆಯುವುದನ್ನೂ ತೆರೆದಿಟ್ಟಾಗ ಅದು ಬಗೆಹರಿಯುವುದನ್ನೂ ಮಕ್ಕಳು ಸ್ವತಃ ಕಾಣುತ್ತಾರೆ.