ಕಿವಿಯಲ್ಲಿ ಹುಟ್ಟುವ ತಲೆಸುತ್ತು

ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ಹಿರಿಯರಿಗೆ ತಲೆ ತಿರುಗಿತೆಂದರೆ, ಪಿತ್ತ ಕೆರಳಿತೆಂದು ಭಾವಿಸಿ ಶುಂಠಿಯ ಕಷಾಯವನ್ನೋ ನಿಂಬೆಯ ಪಾನಕವನ್ನೋ ಕೊಟ್ಟು ಮಲಗಿಸುವ ವಾಡಿಕೆ ಇನ್ನೂ ಅಳಿದಿಲ್ಲ. ಈಚೆಗೆ ಪಿತ್ತದ ಸ್ಥಾನವನ್ನು ಬಿ.ಪಿ. ಆಕ್ರಮಿಸಿದ್ದರೂ ಕಿವಿಯ ಮಾತನ್ನೆತ್ತುವವರು ವಿರಳ. ಕಿವುಡು, ಕಿವಿಮೊರೆತಗಳೊಡನೆ ಬರುವ ಶಿರೋಭ್ರಮಣೆಯು ಮಿದುಳಿಗೆ ರಕ್ತವೇರಿದುದರ ಫಲವೆಂದು ವೈದ್ಯಲೋಕವೂ ಬಹುಕಾಲ ನಂಬಿತ್ತು. ಅದು ಒಳಗಿವಿಯ ವಿಕಾರವೆಂದು ಪ್ಯಾರಿಸ್ಸಿನ ಕಿವುಡ-ಮೂಕರ ಸಂಸ್ಥೆಯ ವೈದ್ಯನಾಗಿದ್ದ ಪ್ರಾಸ್ಪರ್ ಮೆನಿಯೇರನು 1861ರಲ್ಲಿ ಪ್ರತಿಪಾದಿಸಿದನು. ವ್ಯಾಧಿಗೆ ಮುಂದೆ ಆತನ ಹೆಸರೇ ನಿಂತಿತು. ಶ್ರವಣಕ್ಕೂ ದೇಹದ ಸಮತೋಲಕ್ಕೂ ಸಾಧನವಾದ ಒಳಗಿವಿಯ ದ್ರವವು ಮಿತಿಮೀರಿ ಸಂಚಯವಾಗಿ ಪೊರೆಗಳು ಉಬ್ಬಿರುವುದನ್ನು 1938ರಲ್ಲಿ ಈ ವ್ಯಾಧಿಯಿದ್ದ ಮೃತರ ಕಿವಿಗಳಲ್ಲಿ ಕಂಡುಕೊಂಡರು.

ಈ ವ್ಯಾಧಿಯನ್ನು ಒಂದೇ ಸಲಕ್ಕೆ ನಿಶ್ಚಯಿಸಬಲ್ಲ ಪರೀಕ್ಷೆ ಇಲ್ಲವಾದ್ದರಿಂದ ರೋಗಿಯ ಮಾತೇ ನಿರ್ಣಯಕ್ಕೆ ಮುಖ್ಯ ಆಧಾರ. ಹಾಸಿಗೆಯಲ್ಲಿ ಹೊರಳಿದಾಗ ಬಂದು ನಿಮಿಷದೊಳಗೆ ಶಮನವಾಗುವ ಸುತ್ತು ಒಳಗಿವಿಯ ಸಣ್ಣ ಹರಳುಗಳು ಜಾರಿದುದರ ಲಕ್ಷಣ. ಕೇಳುವ ಶಕ್ತಿಯನ್ನು ಮುಟ್ಟದೆ ದಿನಗಟ್ಟಲೆ ಕಾಡುವುದು ಸಾಮಾನ್ಯವಾಗಿ ಸಮತೋಲದ ನರದ ಉರಿಯೂತ. ಮೆನಿಯೇರ್ ವ್ಯಾಧಿಯದಾದರೋ, ಕನಿಷ್ಠ ಎರಡು ಸಲವಾದರೂ ಬಂದು, ಬಂದಾಗಲೆಲ್ಲ 20 ನಿಮಿಷಕ್ಕೆ ಕಡಮೆಯಾಗದೆ 12 ಗಂಟೆಯನ್ನು ಮೀರದೆ, ಒಂದು ಕಿವಿ ತುಂಬಿಕೊಂಡಂತಾಗಿ, ಮೊರೆದು, ಮಂದವಾಗಿ, ಮತ್ತೆ ತಿಳಿಯಾಗುವ ಏರಿಳಿತವನ್ನು ಜೊತೆಗೂಡಿಸಿಕೊಂಡಿರುತ್ತದೆ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ಸುತ್ತು ಬಂದ ಹೊತ್ತನ್ನೂ ಬಿಟ್ಟ ಹೊತ್ತನ್ನೂ ಯಾವ ಕಿವಿಯೆಂಬುದನ್ನೂ ಗುರುತಿಟ್ಟವರು ವೈದ್ಯರಿಗೆ ಅರ್ಧ ಕೆಲಸವನ್ನು ಮಾಡಿಕೊಟ್ಟಂತೆಯೇ.

1900ರಿಂದ ಚಾಮರಾಜಪೇಟೆಯ ನೆರೆಯಲ್ಲಿರುವ ವಿಕ್ಟೋರಿಯಾದಂಥ ಆಸ್ಪತ್ರೆಗೆ ಹೋದರೆ, ವೈದ್ಯರು ಮೊದಲು ಶ್ರುತಿಕವೆಯನ್ನು ಮಿಡಿದು ಹಣೆಯ ನಡುವೆ ಊರಿ, "ಅಮ್ಮಾ, ಸದ್ದು ಯಾವ ಕಡೆ ಕೇಳಿಸ್ತಿದೆ?" ಎಂದು ವಿಚಾರಿಸುವುದುಂಟು. ಮಂದವಾದ ಕಿವಿಯ ಕಡೆಗೇ ನಾದವು ವಾಲಿದರೆ ಗುಗ್ಗೆಯೋ ನಡುಗಿವಿಯ ತಡೆಯೋ ಇರಬಹುದು. ಒಳ್ಳೆಯ ಕಿವಿಯತ್ತ ವಾಲಿದರೆ ದೋಷವು ಒಳಗಿವಿಯದೋ ನರದ್ದೋ ಆಗಿರುತ್ತದೆ. ಆಮೇಲೆ ಹೆಡ್‌ಫೋನ್ ತೊಡಿಸಿ, ಕೇಳಿದಾಗಲೆಲ್ಲ ಗುಂಡಿಯೊತ್ತಿಸಿ ಆಡಿಯೋಗ್ರಾಮ್ ತೆಗೆಯುತ್ತಾರೆ. ಆರಂಭದಲ್ಲಿ ಈ ವ್ಯಾಧಿಯು ಸಾಮಾನ್ಯವಾಗಿ ತಗ್ಗಿನ ಸ್ವರಗಳನ್ನೇ ಕಸಿಯುವುದರಿಂದ ರೇಖೆಯು ಎಡಬದಿಯಲ್ಲಿ ಕುಸಿದಿರುತ್ತದೆ. ಸುತ್ತು ನಿಂತು ಕಿವಿ ತಿಳಿಯಾದ ಮೇಲೆ ಹೋದರೆ ಈ ಸಾಕ್ಷ್ಯವೇ ಸಿಕ್ಕದಿರಬಹುದು. ಆದುದರಿಂದ ಕಿವಿ ಮಂದವಾಗಿರುವಾಗಲೇ ಪರೀಕ್ಷೆ ಮಾಡಿಸುವುದು ಮೇಲು. ಶ್ರವಣದ ನರದ ಮೇಲೆ ಗಡ್ಡೆಯಿಲ್ಲವೆಂದು ಖಚಿತಪಡಿಸಿಕೊಳ್ಳಲು ಎಂ.ಆರ್.ಐ. ಸಹ ಬೇಕಾಗಬಹುದು. ಸುತ್ತಿನೊಡನೆ ಮಾತು ತೊದಲಿದರೆ, ನೋಟ ಎರಡಾದರೆ, ಕೈಕಾಲು ಸೋತರೆ ಅದು ಪಾರ್ಶ್ವವಾಯುವಿನ ಸೂಚನೆಯಾಗಿರಬಹುದಾದ್ದರಿಂದ, ಕಷಾಯ ಕುದಿಯುವ ತನಕವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.