ಲೈಟ್ ಉರಿಯುತ್ತೆ, ಸೆಲ್ಫ್ ತಗೋತಿಲ್ಲ

ನೆಲಮಂಗಲದ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಇವತ್ತು ಲಾರಿಗಳದೇ ಸಾಲು. ನಡುವೆ ಒಮ್ಮೊಮ್ಮೆ ಹಳೆಯ ಅಂಬಾಸಿಡರ್ರೋ ಪ್ರೀಮಿಯರ್ ಪದ್ಮಿನಿಯೋ ಕಾಣಿಸಿತೆಂದರೆ ದೂರು ಬಹುಮಟ್ಟಿಗೆ ಪರಿಚಿತವಾದದ್ದೇ ಆಗಿರುತ್ತದೆ. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತದೆ, ಹಾರ್ನ್ ಕೂಗುತ್ತದೆ. ಸೆಲ್ಫ್ ಕೊಟ್ಟರೆ ಮಾತ್ರ 'ಟಕ್' ಎಂದು ಸುಮ್ಮನಾಗುತ್ತದೆ. ಎಷ್ಟೋ ಮಾಲೀಕರು ಮೊದಲು ಹೊಸ ಬ್ಯಾಟರಿ ಹಾಕಿಸುತ್ತಾರೆ, ಆಮೇಲೆ ಸೆಲ್ಫ್ ಮೋಟರ್ ಬಿಚ್ಚಿಸುತ್ತಾರೆ. ಎರಡೂ ದಂಡದ ಖರ್ಚು.

ಕಾರಿನಲ್ಲಿ ಬಹುತೇಕ ಉಪಕರಣಗಳಿಗೆ ಕರೆಂಟ್ ಒಯ್ಯಲು ಮಾತ್ರ ವೈರ್ ಇರುತ್ತದೆ. ಅದು ಬ್ಯಾಟರಿಗೆ ವಾಪಸ್ ಬರುವುದು ಬಾಡಿಯ ಕಬ್ಬಿಣದ ಮೂಲಕ. ಬ್ಯಾಟರಿಯ ಅರ್ಥ್ ಕೇಬಲ್ಲನ್ನು ಬಾಡಿಗೆ ಬಿಗಿದಿರುವ ಬೋಲ್ಟಿನ ಕೆಳಗೆ ತುಕ್ಕು ಕೂತರೆ, ಅಥವಾ ಕಾರಿಗೆ ಹೊಸ ಪೇಂಟ್ ಹೊಡೆಯುವಾಗ ಆ ಜಾಗಕ್ಕೂ ಬಳಿದುಬಿಟ್ಟಿದ್ದರೆ, ಅಲ್ಲಿ ರೋಧ ಹುಟ್ಟುತ್ತದೆ. ಅದು ಬರೀ 0.02 ಓಮ್ ಎಂದಿಟ್ಟುಕೊಳ್ಳೋಣ. 45 ವ್ಯಾಟಿನ ಬಲ್ಬ್ ಎಳೆಯುವುದು 4 ಆಂಪಿಯರ್‌ಗೂ ಕಡಿಮೆ. ಆ ಬೋಲ್ಟಿನಲ್ಲಿ ಅದು ಕಳೆದುಕೊಳ್ಳುವುದು 0.08 ವೋಲ್ಟ್, ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಸೆಲ್ಫ್ ಮೋಟರ್ 150 ಆಂಪಿಯರ್ ಎಳೆಯಲು ಹೊರಟರೆ ಅದೇ ಬೋಲ್ಟ್ 3 ವೋಲ್ಟ್ ನುಂಗುತ್ತದೆ. ಅಷ್ಟು ಭಾರಕ್ಕೆ ಬ್ಯಾಟರಿಯೇ 10 ವೋಲ್ಟಿನ ಆಸುಪಾಸಿಗೆ ಇಳಿದಿರುತ್ತದೆ. ಉಳಿದ 7 ವೋಲ್ಟಿನಲ್ಲಿ ತಣ್ಣಗಿನ ಎಂಜಿನ್ ತಿರುಗುವುದು ಕಷ್ಟ.

ಎಂಜಿನ್ನಿನ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ. ಅದು ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಬಾಡಿಗೂ ಅದಕ್ಕೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಬಿಗಿದಿರುತ್ತಾರೆ. ಆ ಪಟ್ಟಿ ಹಸಿರುಗಟ್ಟಿ ತುಂಡಾದರೆ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಡ್ಯಾಶ್‌ಬೋರ್ಡಿನಿಂದ ಕಾರ್ಬ್ಯುರೇಟರಿಗೆ ಹೋಗುವ ಚೋಕ್ ಕೇಬಲ್ ಸಿಕ್ಕಿದರೆ ಅದರಲ್ಲೇ ಹರಿಯುತ್ತದೆ. ಸೆಲ್ಫ್ ಕೊಟ್ಟಾಗ ಚೋಕ್ ಕೇಬಲ್ ಕೈ ಸುಡುವಷ್ಟು ಬಿಸಿಯಾಗಿ ಹೊಗೆಯಾಡಿದರೆ ಮೊದಲು ನೋಡಬೇಕಾದದ್ದು ಈ ಪಟ್ಟಿಯನ್ನೇ.

ಪತ್ತೆ ಹಚ್ಚಲು ಸಾಮಾನ್ಯ ಮಲ್ಟಿಮೀಟರ್ ಸಾಕು, ಆದರೆ ಓಮ್ ಸ್ಕೇಲಿನಲ್ಲಿ ಅಲ್ಲ. ಇಷ್ಟು ಸಣ್ಣ ರೋಧವನ್ನು ಆ ಸ್ಕೇಲ್ ನಂಬುವಂತೆ ತೋರಿಸುವುದಿಲ್ಲ. ವೋಲ್ಟ್ ಸ್ಕೇಲಿಗೆ ತಿರುಗಿಸಿ, ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ಥ್ ಕಡೆಯ ಸೀಸದ ತಲೆಯ ಮೇಲೇ ಒತ್ತಿ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಮುಟ್ಟಿಸಿ, ಯಾರಿಗಾದರೂ ಸೆಲ್ಫ್ ಕೊಡಲು ಹೇಳಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಳ್ಳ ಸಿಕ್ಕಿದಂತೆ. ಮರಳು ಕಾಗದ, ವೈರ್ ಬ್ರಶ್, ಒಂದು ಹೊಸ ಪಟ್ಟಿ, ಇಷ್ಟರಲ್ಲೇ ಎಷ್ಟೋ ಕಾರುಗಳು ಸರಿಹೋಗುತ್ತವೆ.

ಹಳೆಯ ವೈರಿಂಗನ್ನು ಪೂರ್ತಿ ಕಿತ್ತು ಒಂದೇ ಬಣ್ಣದ ವೈರ್ ಎಳೆದುಬಿಡುವವರನ್ನು ಕಂಡರೆ ಸಂಕಟವಾಗುತ್ತದೆ. ಬ್ರಿಟಿಷ್ ಕಾರುಗಳ ಲ್ಯೂಕಾಸ್ ಪದ್ಧತಿಯಲ್ಲಿ ಪ್ರತಿ ಬಣ್ಣಕ್ಕೂ ಅರ್ಥವಿದೆ. ಕಂದು ಬ್ಯಾಟರಿಯಿಂದ ನೇರ ಬರುವುದು, ಬಿಳಿ ಇಗ್ನಿಷನ್, ಹಸಿರು ಇಗ್ನಿಷನ್ ಆನ್ ಆದ ಮೇಲೆ ಫ್ಯೂಸ್ ದಾಟಿ ಬಂದದ್ದು, ಕಪ್ಪು ಅರ್ಥ್. ಹತ್ತಿ ನೂಲಿನ ಹೊದಿಕೆ ಮಾಸಿ ಎಲ್ಲವೂ ಮಣ್ಣಿನ ಬಣ್ಣವಾಗಿದ್ದರೂ ಬೆಳಕು ತಾಗದ ಕ್ಲಿಪ್ಪಿನ ಕೆಳಗೆ ಮೂಲ ಬಣ್ಣ ಉಳಿದಿರಬಹುದು, ಹುಡುಕಬೇಕು. 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಕಾರುಗಳಿಗೆ 2021ರ ಕೇಂದ್ರ ನಿಯಮಗಳು 'ವಿಎ' ಅಕ್ಷರಗಳಿರುವ ವಿಂಟೇಜ್ ನಂಬರ್ ಪ್ಲೇಟ್ ಕೊಡುತ್ತವೆ; ಅಂಥ ಕಾರಿನ ವೈರೂ ಮೂಲದಂತೆಯೇ ಇದ್ದರೆ ಚೆಂದ.

ಕೆಲವು ತೊಂದರೆ ಕಾರಿನದಲ್ಲ, ರಸ್ತೆಯದು. ಹಳೆಯ ಡೈನಮೊ ಎಂಜಿನ್ ವೇಗವಾಗಿ ತಿರುಗಿದಾಗ ಮಾತ್ರ ಚಾರ್ಜ್ ಮಾಡುತ್ತದೆ. ದೇವನಹಳ್ಳಿಯಿಂದ ಹೊರಟ ಕಾರು ಹೆಬ್ಬಾಳದ ಜಾಮಿನಲ್ಲಿ ಲೈಟ್ ಹಾಕಿಕೊಂಡು ನಿಂತರೆ ಬ್ಯಾಟರಿ ಇಳಿಯುತ್ತಲೇ ಹೋಗುತ್ತದೆ. ಅದಕ್ಕೇ ಹಲವರು ಆಲ್ಟರ್ನೇಟರ್ ಹಾಕಿಸುತ್ತಾರೆ. ಅಲ್ಲೊಂದು ಅಪಾಯವಿದೆ. ನಮ್ಮಲ್ಲಿ 'ಬೇಬಿ ಹಿಂದೂಸ್ತಾನ್' ಹೆಸರಿನಲ್ಲಿ ಓಡಿದ ಮಾರಿಸ್ ಮೈನರ್‌ನಂಥ ಕಾರುಗಳಲ್ಲಿ ಬಾಡಿಗೆ ಸೇರಿಸಿದ್ದು ಬ್ಯಾಟರಿಯ ಪಾಸಿಟಿವ್ ತುದಿಯನ್ನು. ಅದನ್ನು ಬದಲಿಸದೆ ಇವತ್ತಿನ ಮಾಮೂಲಿ ಆಲ್ಟರ್ನೇಟರ್ ಜೋಡಿಸಿದರೆ ಒಳಗಿನ ಡಯೋಡುಗಳು ಆ ಕ್ಷಣವೇ ಸುಡುತ್ತವೆ. ಬಾಡಿಗೆ ಸೇರಿರುವುದು ಪಾಸಿಟಿವ್ವೋ ನೆಗೆಟಿವ್ವೋ ಎಂಬುದನ್ನು ಬಾನೆಟ್ಟಿನ ಒಳಮೈಯಲ್ಲಿ ಪೇಂಟಿನಿಂದ ಬರೆದಿಟ್ಟರೆ ಮುಂದೆ ಕೈ ಹಾಕುವ ಎಲೆಕ್ಟ್ರಿಶಿಯನ್ನಿಗೂ ದಾರಿ ಸುಲಭ.