ಒದೆತದಿಂದಲೇ ದುಡಿಯುವ ಕೋವಿ

ಇಟಲಿಯ ಉರ್ಬಿನೋದಲ್ಲಿರುವ ಬೆನೆಲ್ಲಿ ಕಂಪನಿಯ ಮಾಂಟೆಫೆಲ್ಟ್ರೋ ಕೋವಿ, 20 ಗೇಜಿನದಾದರೆ, ಸುಮಾರು ಎರಡೂವರೆ ಕಿಲೋ ತೂಗುತ್ತದೆ. ನಳಿಗೆ ಇನ್ನೂ ಅಗಲವಾದ 12 ಗೇಜಿನದು ಮೂರು ಕಿಲೋ ದಾಟುತ್ತದೆ. ಹಕ್ಕಿ ಬೇಟೆಗೆಂದು ದಿನವಿಡೀ ನಡೆಯುವ ಅಮೆರಿಕ, ಯುರೋಪಿನ ಬೇಟೆಗಾರರು ಇಂಥ ಹಗುರ ಕೋವಿಯನ್ನು ಯಾರೋ ಬಳಸಿದ್ದಾದರೂ ಸರಿ ಎಂದು ಹುಡುಕಿ ಕೊಳ್ಳುತ್ತಾರೆ. ಈ ಹಗುರತನಕ್ಕೂ ಕೋವಿಯೊಳಗಿನ ಯಂತ್ರಕ್ಕೂ ಹತ್ತಿರದ ನಂಟಿದೆ.

ಕುದುರೆ ಎಳೆದೊಡನೆ 28 ಗ್ರಾಂ ಚರೆ ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತದೆ. ಕೋವಿ ಹಿಂದಕ್ಕೆ ಒದೆಯುತ್ತದೆ. ಮಾಂಟೆಫೆಲ್ಟ್ರೋದಂಥ ಅರೆ ಸ್ವಯಂಚಾಲಿತ ಕೋವಿ ಆ ಶಕ್ತಿಯಲ್ಲಿ ಒಂದು ಪಾಲು ಪಡೆದು ಖಾಲಿ ತೋಟಾ ಹೊರಗೆಸೆದು ಹೊಸದನ್ನು ತುಂಬಿಕೊಳ್ಳಬೇಕು. ಜಾನ್ ಬ್ರೌನಿಂಗ್ 1900ರಲ್ಲಿ ಪೇಟೆಂಟ್ ಪಡೆದ ಆಟೋ-5 ಕೋವಿಯಲ್ಲಿ, ತೋಟಾದ ಹಿಂಬದಿಯನ್ನು ಮುಚ್ಚುವ ಬೋಲ್ಟಿನ ಜೊತೆ ನಳಿಗೆಯೂ ಹಿಂದಕ್ಕೆ ಸರಿಯುತ್ತಿತ್ತು. 1963ರ ರೆಮಿಂಗ್ಟನ್ 1100ರಲ್ಲಿ ಮದ್ದು ಉರಿದ ಅನಿಲವೇ ನಳಿಗೆಯ ರಂಧ್ರದಿಂದ ಬಂದು ಪಿಸ್ಟನ್ ತಳ್ಳುತ್ತದೆ.

ಬೆನೆಲ್ಲಿಗಾಗಿ ಬ್ರೂನೋ ಚಿವೊಲಾನಿ ರೂಪಿಸಿದ ಯಂತ್ರ ಜಡತ್ವವನ್ನು ನೆಚ್ಚಿದೆ. ಬೋಲ್ಟಿನ ತಲೆಗೂ ಮೈಗೂ ನಡುವೆ ಒಂದು ಬಿಗಿ ಸ್ಪ್ರಿಂಗ್ ಇದೆ. ಕೋವಿ ತಟ್ಟನೆ ಹಿಂದಕ್ಕೆ ಹಾರಿದಾಗ ಬೋಲ್ಟಿನ ಭಾರವಾದ ಮೈ, ಬಸ್ಸು ಹೊರಟಾಗ ಪ್ರಯಾಣಿಕ ವಾಲುವಂತೆ, ಇದ್ದಲ್ಲೇ ಉಳಿಯಲು ನೋಡುತ್ತದೆ. ಸ್ಪ್ರಿಂಗ್ ಕುಗ್ಗುತ್ತದೆ. ಚರೆ ನಳಿಗೆ ದಾಟಿದ ಮೇಲೆ ಅದು ಹಿಗ್ಗಿ ಮೈಯನ್ನು ಹಿಂದಕ್ಕೆಸೆಯುತ್ತದೆ. ತಲೆ ತಿರುಗಿ ಬೀಗ ಬಿಚ್ಚುತ್ತದೆ. ಕೋವಿ ಹಗುರವಾದಷ್ಟೂ ಜೋರಾಗಿ ಹಿಂದೆ ಸರಿಯುತ್ತದೆ, ಸ್ಪ್ರಿಂಗ್ ಅಷ್ಟೇ ಚೆನ್ನಾಗಿ ಕುಗ್ಗುತ್ತದೆ. ಕೋವಿಗೆ ಹೆಚ್ಚುವರಿ ಭಾರ ಕಟ್ಟಿದರೆ 24 ಗ್ರಾಂ ಚರೆಯ ಸಣ್ಣ ತೋಟಾಕ್ಕೆ ಯಂತ್ರ ಅರ್ಧಕ್ಕೇ ನಿಲ್ಲಬಹುದು.

ಈ ಹಗುರತನಕ್ಕೆ ಬೆಲೆ ತೆರುವುದು ಭುಜ. ಅದೇ ತೋಟಾ ಹಾಕಿ ಕೋವಿಯ ತೂಕವನ್ನು ಕಾಲು ಭಾಗ ಇಳಿಸಿದರೆ ಒದೆತದ ಶಕ್ತಿ ಮೂರನೇ ಒಂದು ಪಾಲು ಏರುತ್ತದೆ. ದಿನಕ್ಕೆ ನಾಲ್ಕಾರು ಗುಂಡು ಹಾರಿಸುವ ಬೇಟೆಗಾರ ಅದನ್ನು ತಾಳಿಕೊಳ್ಳುತ್ತಾನೆ. ಹಾರುವ ಬಿಲ್ಲೆಗಳಿಗೆ ಗುರಿಯಿಡುವ ಸ್ಕೀಟ್, ಟ್ರ್ಯಾಪ್ ಆಟದಲ್ಲಿ ಒಂದು ಸುತ್ತಿಗೇ 25 ಬಿಲ್ಲೆ. ನಾಲ್ಕು ಸುತ್ತಿನ ಹೊತ್ತಿಗೆ ಭುಜ ನೋಯುತ್ತದೆ. ಇನ್ನೊಂದು ತೊಡಕೂ ಇದೆ. ಬಿಲ್ಲೆಯ ಜೊತೆಜೊತೆಗೆ ತಿರುಗುವ ಭಾರದ ನಳಿಗೆ ತನ್ನ ಓಟವನ್ನು ತಾನೇ ಉಳಿಸಿಕೊಳ್ಳುತ್ತದೆ. ಹಗುರವಾದದ್ದು ಕೈ ತಡೆದೊಡನೆ ನಿಲ್ಲುತ್ತದೆ, ಚರೆ ಬಿಲ್ಲೆಯ ಹಿಂದೆ ಹೋಗುತ್ತದೆ.

ಹಳೆಯ ಮಾಂಟೆಫೆಲ್ಟ್ರೋ ಕೊಳ್ಳುವವರು ಹಿಂಬದಿಯ ಮರದೊಳಗಿನ ಕೊಳವೆಯನ್ನು ಬಿಚ್ಚಿಸಿ ನೋಡಬೇಕು. ಬೋಲ್ಟನ್ನು ಮರಳಿ ಮುಂದಕ್ಕೆ ತಳ್ಳುವ ಸ್ಪ್ರಿಂಗ್ ಇರುವುದು ಅಲ್ಲಿ. ನೀರು, ಹಳೆಯ ಎಣ್ಣೆ ಸೇರಿ ಅದು ತುಕ್ಕು ಹಿಡಿದರೆ ಬೋಲ್ಟ್ ನಿಧಾನವಾಗುತ್ತದೆ, ಕೋವಿಯೇ ಕೆಟ್ಟಿತೆಂದು ಮಾರಿದವರಿದ್ದಾರೆ. ಶುಚಿಗೊಳಿಸಿ ಸ್ಪ್ರಿಂಗ್ ಬದಲಿಸಿದರೆ ಹಲವು ಬಾರಿ ಅದು ಸರಿಹೋಗುತ್ತದೆ. ತೂಕದ ವಿಷಯ ಹಾಗಲ್ಲ, ಅದನ್ನು ರಿಪೇರಿ ಮಾಡಲಾಗದು. ಆದ್ದರಿಂದ ಕೊಳ್ಳುವ ಮೊದಲು ತಾನು ಹೆಚ್ಚು ನಡೆಯುವವನೋ, ಹೆಚ್ಚು ಗುಂಡು ಹಾರಿಸುವವನೋ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು.